ನಾಟಕದ ಮೇಷ್ಟ್ರಿಗೆ ಸ್ಟೀರಿಯೊ ಆರಿಸಿದ್ದು

ರೆಕಾರ್ಡಿನ ದನಿ ಫೋನಿನ ದನಿಗಿಂತ ಮೇಲು ಎನ್ನುವವರ ಜೊತೆ ನಾನು ಈಗಲೂ ವಾದಕ್ಕೆ ಕೂರಬಲ್ಲೆ. ಕೂತರೆ ಸೋಲುವುದೂ ಕಷ್ಟ. ‘ಬೆಚ್ಚನೆಯ ದನಿ’ ಅನ್ನುತ್ತಾರೆ. ಬೆಚ್ಚಗೆ ಎಂದರೆ ಏನು, ಯಾವುದಕ್ಕಿಂತ ಬೆಚ್ಚಗೆ, ಕಣ್ಣು ಕಟ್ಟಿ ಕೇಳಿಸಿದರೆ ಗುರುತಿಸುತ್ತೀರಾ ಎಂದು ಕೇಳಿದರೆ ಸಾಕು, ಎದುರಿನವರು ಬಾಲ್ಯದ ನೆನಪಿಗೆ ಇಳಿಯುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನೆನಪಿಗೆ ಅಂಕ ಕೊಡುತ್ತಿರಲಿಲ್ಲ. ಇಂಥ ನನ್ನ ಪಾಲಿಗೆ, ರಾಯದುರ್ಗದಲ್ಲಿ ನಾನು ಕೆಲಸ ಮಾಡುವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ, ರೆಕಾರ್ಡು ಕೇಳುವ ಸೆಟ್ ಒಂದನ್ನು ಆರಿಸಿ ಕೂಡಿಸಿಕೊಡುವ ಕೆಲಸ ಬಂತು.

ಕೇಳಿಕೊಂಡು ಬಂದವರು ಊರಿನ ಒಂದು ಜೀನ್ಸ್ ಹೊಲಿಗೆ ಯೂನಿಟ್ಟಿನ ಒಡತಿ. ಮಡಕಶಿರದ ಮಗಳು, ರಾಯದುರ್ಗದ ಸೊಸೆ. ಒಂದೇ ಉಸಿರಿನಲ್ಲಿ ‘ಐತೆ’ಯೂ ಬರುತ್ತಿತ್ತು, ‘ಐತಿ’ಯೂ ಬರುತ್ತಿತ್ತು. ಅವರ ತಂದೆ ಮಡಕಶಿರದಲ್ಲಿ ನಾಟಕದ ಮೇಷ್ಟ್ರು. ಸುತ್ತಲ ಹಳ್ಳಿಗಳಲ್ಲಿ ಅಂಗಡಿಯವರು, ರೇಷ್ಮೆ ಬೆಳೆಯುವವರು, ಬಸ್ ಕಂಡಕ್ಟರುಗಳು ಸೇರಿ ಪೌರಾಣಿಕ ನಾಟಕ ಕಟ್ಟಿದಾಗ, ಹಾರ್ಮೋನಿಯಂ ಮುಂದೆ ಕೂತು ಅವರಿಗೆ ಮಾತನ್ನೂ ಹಾಡನ್ನೂ ಕಲಿಸುವವರು.

“ಗಂಟಲು ಆಪರೇಶನ್ ಆಯ್ತ್ರಿ,” ಎಂದರು ಆಕೆ. “ದನಿ ಹೋಯ್ತು. ಮಾತಾಡಿದ್ರೆ ಬರೀ ಗಾಳಿ ಬರ್ತೈತೆ. ಹಾಡಿ ತೋರ್ಸೋಕಾಗಲ್ಲ. ರೆಕಾರ್ಡ್ ಹಾಕಿ ಕಲಿಸ್ತೀನಿ ಅಂತಾನ್ರಿ ನಮ್ಮಪ್ಪ. ಮನ್ಯಾಗ ರೆಕಾರ್ಡ್ ರಾಶಿ ಐತಿ. ಆದ್ರೆ ಪ್ಲೇಯರ್ ಸುಟ್ಟೋಯ್ತು.”

ವಿಷಯ ಬರೀ ಹಾಡು ಕೇಳುವುದಾಗಿರಲಿಲ್ಲ. ಮಡಕಶಿರದ ಹತ್ತಿರದ ಹಳ್ಳಿ ರತ್ನಗಿರಿಯವರು ಪ್ರತಿ ಸಲ ಈ ಮೇಷ್ಟ್ರಿಗೇ ನಾಟಕ ಒಪ್ಪಿಸುತ್ತಿದ್ದವರು, ಈ ಸಲ ಇನ್ನೂ ವೀಳ್ಯ ಕೊಟ್ಟಿರಲಿಲ್ಲ. ದನಿಯಿಲ್ಲದವರು ಹೇಗೆ ಕಲಿಸುತ್ತಾರೆ ಎಂದು ಅವರಲ್ಲೇ ಮಾತು ಎದ್ದಿತ್ತು. ಕೀಬೋರ್ಡ್ ಇಟ್ಟುಕೊಂಡ ಇನ್ನೊಬ್ಬ ಮೇಷ್ಟ್ರ ಹೆಸರೂ ಓಡಾಡುತ್ತಿತ್ತು. “ರತ್ನಗಿರಿಯೋರು ಬಿಟ್ರೆ ಮಿಕ್ಕೋರೂ ಬಿಡ್ತಾರೆ. ಆಮ್ಯಾಕ ನಮ್ಮಪ್ಪನ್ನ ಯಾರೂ ಕರಿಯಂಗಿಲ್ಲ,” ಎಂದರು ಮಗಳು.

ನಮ್ಮ ಅಂಗಡಿಯ ಸಾವ್ಕಾರ್ರು ಆಗಲೇ ಷೋಕೇಸಿನ ಕಡೆ ಕೈ ತೋರಿಸುತ್ತಿದ್ದರು. “ಅದಕ್ಕೇನ್ರಿ. ಸೂಟ್‌ಕೇಸ್ ಪ್ಲೇಯರ್ ಐತಿ. ಅದ್ರಾಗ ಸ್ಪೀಕರ್ ಐತಿ, ಬ್ಲೂಟೂತ್ ಐತಿ. ಮುಚ್ಚಿ ಕೈಯಾಗ ಹಿಡ್ಕೊಂಡು ಹೋಗ್ರಿ.”

“ಬ್ಯಾಡ್ರಿ,” ಎಂದೆ ನಾನು. “ಅದರ ತೋಳು ಭಾರ. ಹಳೇ ರೆಕಾರ್ಡನ್ನ ನೇಗಿಲು ಹೊಡ್ದಂಗ ಹೊಡಿತದ. ಸ್ಪೀಕರ್ ಅಂಗೈಯಷ್ಟೂ ಇಲ್ಲ. ನನ್ನ ಕೇಳಿದ್ರ ಯಾವ ಪ್ಲೇಯರೂ ಬ್ಯಾಡ. ಹಾಡುಗಳನ್ನೆಲ್ಲ ಫೋನಿಗೆ ಹಾಕಿಸ್ರಿ, ಒಂದು ಸ್ಪೀಕರ್ ತಗೊಳ್ರಿ, ಮುಗೀತು.”

ಸಾವ್ಕಾರ್ರು ನನ್ನನ್ನು ನೋಡಿದ ರೀತಿಯಲ್ಲಿ, ವ್ಯಾಪಾರಕ್ಕೆ ಬಂದವರನ್ನು ವಾದ ಮಾಡಿ ಕಳಿಸುವುದಕ್ಕೆ ನಿನಗೆ ಸಂಬಳವೇ ಎಂಬ ಪ್ರಶ್ನೆ ಇತ್ತು. ಮಗಳು ಮಾತ್ರ ನಕ್ಕರು. “ನೀವೇ ಬಂದು ನಮ್ಮಪ್ಪಂಗೆ ಹೇಳ್ರಿ.”

ಕಲ್ಯಾಣದುರ್ಗದಲ್ಲಿ ಒಮ್ಮೆ, ಪಾವಗಡದಲ್ಲಿ ಒಮ್ಮೆ ಬಸ್ಸು ಬದಲಿಸಿ ಮಡಕಶಿರ ಮುಟ್ಟಿದೆ. ಮೇಷ್ಟ್ರ ಮನೆ ಕೋಟೆ ಬೆಟ್ಟದ ಕೆಳಗಿನ ಬೀದಿಯಲ್ಲಿ. ಗೋಡೆಯೂ ಕಲ್ಲು, ಮಾಡೂ ಕಲ್ಲುಚಪ್ಪಡಿ. ಅಂಥ ಕೋಣೆಯಲ್ಲಿ ಮಾತಾಡಿದರೆ ಮಾತು ಇನ್ನೊಂದು ಸುತ್ತು ಹೊಡೆದು ಬರುತ್ತದೆ. ಅದನ್ನು ಮೊದಲು ಗುರುತು ಹಾಕಿಕೊಂಡೆ.

ಮೇಷ್ಟ್ರು ಗಾಳಿಯ ದನಿಯಲ್ಲೇ ಕೇಳಿದರು. “ನಿಮ್ಮ ಕಡೆ ಹೆಣ್ಮಕ್ಳೂ ಸ್ಪೀಕರ್ ಕಟ್ತಾರೇನವ್ವ?”

“ಕಟ್ತೀವ್ರಿ. ಬಿಚ್ಚೋದೂ ನಾವೇ.”

“ಬಾಯಿ ಐತೆ ನಿಂಗೆ,” ಎಂದರು. ನನ್ನ ವಾದವನ್ನು ಕೊನೆಯವರೆಗೆ ಕೇಳಿಸಿಕೊಂಡರು. ಫೋನು ಸವೆಯುವುದಿಲ್ಲ, ಗೀರು ಬೀಳುವುದಿಲ್ಲ, ಬೇಕೆಂದಷ್ಟು ಸಲ ಹಾಕಬಹುದು. ಅವರು ಒಂದು ರೆಕಾರ್ಡು ಎತ್ತಿ ಕಿಟಕಿಯ ಬೆಳಕಿಗೆ ಓರೆ ಹಿಡಿದರು. “ಈ ಮಿರುಗೋ ಪಟ್ಟೆ ನೋಡು. ಇಲ್ಲಿ ಪಲ್ಲವಿ ಮುಗೀತದೆ. ಇಗೋ ಇಲ್ಲಿ ಚರಣದ ಎರಡನೇ ಸಾಲು. ಹುಡುಗ ತಪ್ಪಿದ ಅನ್ನು, ಮುಳ್ಳೆತ್ತಿ ಅಲ್ಲೇ ಇಡ್ತೀನಿ. ನಿನ್ ಫೋನಲ್ಲಿ ಇಡು ನೋಡಾನ.”

ನನ್ನ ಫೋನಿನಲ್ಲಿ ಒಂದು ಹಾಡು ಹಾಕಿ, ಅವರು ಹೇಳಿದ ಸಾಲಿಗೆ ಬೆರಳಲ್ಲಿ ಎಳೆದೆ. ಮುಂದಕ್ಕೆ ಹೋಯಿತು. ಹಿಂದಕ್ಕೆ ಎಳೆದೆ, ಇನ್ನೂ ಹಿಂದಕ್ಕೆ ಹೋಯಿತು. ಇದಕ್ಕೆಂದೇ ಬೇರೆ ಆ್ಯಪುಗಳಿವೆ ಎಂದೆ. “ಅದನ್ನ ಕಲಿಯೋ ಹೊತ್ತಿಗೆ ರತ್ನಗಿರಿಯೋರು ನಾಟಕ ಆಡಿ ಬಣ್ಣ ತೊಳ್ಕಂಡಿರ್ತಾರೆ,” ಎಂದರು. ಇದು ರೆಕಾರ್ಡಿನ ದನಿಯ ಪರವಾದ ವಾದವಲ್ಲ, ಕೈಯ ರೂಢಿಯ ಪರವಾದ ವಾದ. ಫೋನನ್ನು ಜೇಬಿಗಿಟ್ಟು ಕೋಣೆಯ ಅಳತೆ ತೆಗೆದುಕೊಳ್ಳತೊಡಗಿದೆ.

ಮಂಚದ ಕೆಳಗೆ ಸುಟ್ಟುಹೋದ ಹಳೇ ಪ್ಲೇಯರ್ ಇತ್ತು. ಹಿಂದೆ ಮದುವೆಗಳಿಗೆ ಮೈಕ್‌ಸೆಟ್ ಕಟ್ಟುತ್ತಿದ್ದ ಒಬ್ಬರು ಅಂಗಡಿ ಮುಚ್ಚುವಾಗ ಕೊಟ್ಟುಹೋಗಿದ್ದು. ತೋಳಿನ ತುದಿಗೆ ಒಂದು ನಾಣ್ಯವನ್ನು ದಾರದಲ್ಲಿ ಬಿಗಿದಿದ್ದರು. ನಾಟಕದ ತಾಲೀಮಿನಲ್ಲಿ ಪಾತ್ರಧಾರಿಗಳು ಹೆಜ್ಜೆ ಹಾಕಿ ನೆಲ ಗುದ್ದುತ್ತಾರೆ, ಮುಳ್ಳು ಹಾರುತ್ತದೆ. ಹಾರದಿರಲಿ ಎಂದು ಭಾರ. ಭಾರದಿಂದ ಗೆರೆ ಸವೆದು, ರೆಕಾರ್ಡುಗಳ ಮೈ ಬೂದಿ ಬಣ್ಣಕ್ಕೆ ತಿರುಗಿತ್ತು. ರೆಕಾರ್ಡುಗಳಲ್ಲೂ ಎರಡು ರಾಶಿ. ಒಂದು ಮೇಷ್ಟ್ರು ಬಳಸುವುದು. ಇನ್ನೊಂದು ಗೋಣಿಚೀಲದಲ್ಲಿ ಕಟ್ಟಿ ಮೂಲೆಗಿಟ್ಟಿದ್ದು. ಅವೇಕೆ ಹಾಗೆ ಎಂದು ಕೇಳಿದೆ.

“ಅವು ಕೆಟ್ಟವು. ಶ್ರುತಿಗೆ ಕೂರಲ್ಲ. ಕಂಪನಿಯೋರು ಸರಿಯಾಗಿ ಒತ್ತಿಲ್ಲ,” ಎಂದರು.

ಚೀಲದಿಂದ ಒಂದನ್ನು ತೆಗೆದು ನೋಡಿದೆ. ಮೈ ಕನ್ನಡಿಯಂತಿತ್ತು. ಅಂಥ ರೆಕಾರ್ಡು ಕೆಟ್ಟದ್ದು ಎಂದರೆ ನಂಬುವುದು ಕಷ್ಟ. ಆದರೆ ಪರೀಕ್ಷಿಸಲು ಓಡುವ ಯಂತ್ರವಿರಲಿಲ್ಲ. ಎರಡೂ ರಾಶಿಯಿಂದ ಕೆಲವನ್ನು ಕೇಳಿ ಪಡೆದು ರಾಯದುರ್ಗಕ್ಕೆ ಮರಳಿದೆ.

ಆಯ್ಕೆಯಲ್ಲಿ ನಾಲ್ಕು ವಸ್ತುಗಳಿದ್ದವು: ತಿರುಗುವ ಯಂತ್ರ, ಅದರ ಮುಳ್ಳು, ಆಂಪ್ಲಿಫೈಯರ್, ಸ್ಪೀಕರು. ಮುಳ್ಳಿನ ವಿಷಯ ಬೇಗ ಮುಗಿಯಿತು. ದುಬಾರಿಯ, ಚೂಪಾಗಿ ಕಡೆದ ಮುಳ್ಳು ಗೆರೆಯ ಆಳಕ್ಕೆ ಇಳಿದು, ನಾಣ್ಯದ ಭಾರ ಮಾಡಿದ ಗಾಯಗಳನ್ನೆಲ್ಲ ಓದಿ ಹೇಳುತ್ತಿತ್ತು. ಗುಂಡು ತುದಿಯ ಅಗ್ಗದ ಮುಳ್ಳು ಅಷ್ಟು ಚಾಡಿ ಹೇಳಲಿಲ್ಲ. ಅದನ್ನೇ ಇಟ್ಟುಕೊಂಡೆ. ಚೀಲದ ‘ಕೆಟ್ಟ’ ರೆಕಾರ್ಡುಗಳೂ ಅದರಡಿ ಚೆನ್ನಾಗಿಯೇ ಹಾಡಿದವು, ಕೆಟ್ಟದ್ದೇನೆಂದು ತಿಳಿಯಲಿಲ್ಲ. ಆಂಪ್ಲಿಫೈಯರಿನಲ್ಲಿ ನಾನು ಹುಡುಕಿದ್ದು ಎರಡೇ. ಮುಳ್ಳಿನಿಂದ ಬರುವ ಕ್ಷೀಣ ಸಂಕೇತವನ್ನು ಎತ್ತಿಕೊಳ್ಳುವ ಫೋನೋ ಭಾಗ ಒಳಗೇ ಇರಬೇಕು. ಎಡಬಲ ಎರಡನ್ನೂ ಕೂಡಿಸಿ ಒಂದು ಮಾಡುವ ಮೋನೋ ಗುಂಡಿ ಇರಬೇಕು, ಏಕೆಂದರೆ ಅವರ ಹಳೇ ರೆಕಾರ್ಡುಗಳು ಹೆಚ್ಚಿನವು ಮೋನೋ. ಗುಂಡಿ ಒತ್ತಿದರೆ ಕರಕರ ಸದ್ದು ಅರ್ಧ ಇಳಿಯುತ್ತದೆ.

ಜಗಳವಾಗಿದ್ದು ಸ್ಪೀಕರಿಗೆ. ನಮ್ಮೂರಲ್ಲಿ ಸ್ಪೀಕರು ಎಂದರೆ ಬಾಸ್. ಎದೆಗೆ ಗುದ್ದದಿದ್ದರೆ ಅದು ಸ್ಪೀಕರಲ್ಲ. ಸಾವ್ಕಾರ್ರು ಎದೆಮಟ್ಟದ ಟವರ್ ಸ್ಪೀಕರ್ ಜೋಡಿಯನ್ನು ಧೂಳು ಒರೆಸಿ ನಿಲ್ಲಿಸಿದರು. ನಾನು ಮೊಳಕೈ ಉದ್ದದ ಸಣ್ಣ ಜೋಡಿಯನ್ನು ಪಕ್ಕದಲ್ಲಿ ಇಟ್ಟೆ.

“ನಿನ್ನ ಕಿವಿ ದೊಡ್ಡದೋ ನನ್ನ ಕಿವಿ ದೊಡ್ಡದೋ?” ಎಂದರು ಸಾವ್ಕಾರ್ರು.

“ಇಬ್ಬರದ್ದೂ ಬ್ಯಾಡ್ರಿ. ಮೂರನೇರನ್ನ ಕೇಳೋಣು.”

ಮಗಳ ಯೂನಿಟ್ಟಿನಿಂದ ಹೊಲಿಗೆಯ ಹೆಂಗಸರು ಊಟದ ಬಿಡುವಿನಲ್ಲಿ ಬಂದರು. ಎರಡೂ ಜೋಡಿಗೆ ತೆಳು ಬಟ್ಟೆ ಹೊದಿಸಿ, ದನಿಯ ಮಟ್ಟ ಒಂದೇ ಮಾಡಿ, ಅವರು ಎಂದೂ ಕೇಳಿರದ ಒಂದು ರಂಗಗೀತೆ ಹಾಕಿದೆ. ಯಾವುದು ಚೆನ್ನ ಎಂದು ಕೇಳಲಿಲ್ಲ. ಆ ಪ್ರಶ್ನೆ ಕೇಳಿದರೆ ಎಲ್ಲರೂ ಬಾಸಿನ ಕಡೆಯೇ. ಒಂದೊಂದು ಸಾಲಿಗೂ ನಿಲ್ಲಿಸಿ, ಏನು ಹಾಡಿದರು, ತಿರುಗಿ ಹೇಳಿ ಎಂದೆ. ಟವರಿನಲ್ಲಿ ಸಾಲಿನ ಅರ್ಧ ಮಾತು ತಬಲದ ಕೆಳಗೆ ಹೂತುಹೋಯಿತು. ಸಣ್ಣದರಲ್ಲಿ ಹೆಚ್ಚುಕಡಿಮೆ ಪೂರಾ ಸಾಲು ಹೇಳಿದರು. ಬಟ್ಟೆ ಸರಿಸಿದಾಗ ಒಬ್ಬಾಕೆ ಸಾವ್ಕಾರ್ರಿಗೇ ಹೇಳಿದಳು: “ದೊಡ್ಡದು ಡ್ಯಾನ್ಸಿಗಿರ್ಲಿ ಬಿಡ್ರಿ, ಪಾಠಕ್ಕ ಸಣ್ಣದು.”

ತಿರುಗುವ ಯಂತ್ರದಲ್ಲಿ ನಾನು ಆರಿಸಿದ್ದು ಬೆಲ್ಟಿನದು. ಮೋಟಾರು ಪಕ್ಕದಲ್ಲಿದ್ದು ರಬ್ಬರ್ ಪಟ್ಟಿಯಿಂದ ತಟ್ಟೆಯನ್ನು ಎಳೆಯುವ ಬಗೆ. ಮೋಟಾರಿನ ನಡುಕ ಮುಳ್ಳಿಗೆ ಮುಟ್ಟುವುದಿಲ್ಲ. ಪುಸ್ತಕದ ಪ್ರಕಾರ ಮನೆಗೆ ಇದೇ ಸರಿ. ನಾನು ಪುಸ್ತಕವನ್ನು ನಂಬಿದೆ.

ಎರಡನೇ ಸಲ ಮಡಕಶಿರಕ್ಕೆ ಹೋದದ್ದು ಲಗೇಜ್ ಆಟೋದಲ್ಲಿ ಪೆಟ್ಟಿಗೆಗಳನ್ನು ಹೇರಿಕೊಂಡು. ವೀಳ್ಯ ಇನ್ನೂ ಬಂದಿರದಿದ್ದರೂ, ಮೊದಲಿಂದಲೂ ಮೇಷ್ಟ್ರ ಬಳಿಯೇ ಕಲಿಯುತ್ತಿದ್ದ ರತ್ನಗಿರಿಯ ಕಿರಾಣಿ ಅಂಗಡಿಯವನೊಬ್ಬ ಅಂದು ತಾಲೀಮಿಗೆ ಬಂದಿದ್ದ. ನಾಟಕದಲ್ಲಿ ರಾಜನ ಪಾತ್ರ ಅವನಿಗೆ ಎಂದು ಊರವರು ಹೇಳಿದ್ದರೂ, ಮೇಷ್ಟ್ರು ಇನ್ನೂ ಒಪ್ಪಿರಲಿಲ್ಲ. ದನಿ ಏರಬೇಕಾದ ಮೇಲಿನ ಸಾಲಿನಲ್ಲಿ ಅವನದು ಒಡೆಯುತ್ತಿತ್ತು. ಯಂತ್ರವನ್ನು ಮೊದಲು ಮರದ ಬೆಂಚಿನ ಮೇಲಿಟ್ಟೆ. ಅವನು ಒಂದು ಹೆಜ್ಜೆ ಹಾಕಿದ್ದೇ ತಡ, ಮುಳ್ಳು ಅರ್ಧ ಹಾಡು ದಾಟಿ ಹಾರಿತು. ಮೇಷ್ಟ್ರ ಕೈ ಅಭ್ಯಾಸಬಲದಿಂದ ನಾಣ್ಯ ಹುಡುಕಿಕೊಂಡು ಜೇಬಿಗೆ ಹೋಯಿತು.

“ಅದೊಂದು ಬ್ಯಾಡ್ರಿ ಮೇಷ್ಟ್ರೆ,” ಎಂದು ಕೈ ಹಿಡಿದೆ. ಕಲ್ಲುಗೋಡೆಯಲ್ಲಿ ಆಳವಾದ ಗೂಡೊಂದಿತ್ತು. ಅದರಲ್ಲಿದ್ದ ಡಬ್ಬಗಳನ್ನು ಇಳಿಸಿ, ಚಪ್ಪಡಿಯ ಮಟ್ಟ ನೋಡಿ, ಯಂತ್ರವನ್ನು ಒಳಗಿಟ್ಟೆ. ಈಗ ಕಿರಾಣಿಯವನು ಕುಣಿದರೂ ಮುಳ್ಳು ಅಲುಗಲಿಲ್ಲ. ಮುಳ್ಳಿನ ಭಾರವನ್ನು ತಕ್ಕಡಿಯಲ್ಲಿ ತೂಗಿ, ಅಳತೆಪಟ್ಟಿಯಲ್ಲಿ ಕೋನ ಸರಿಪಡಿಸಿ, ಸ್ಪೀಕರುಗಳ ಹಿಂದೆ ಕಂಬಳಿ ಕಟ್ಟಿ, ಹಾಡು ಹಾಕಿದೆ. ಹಾಡಿದವರ ಉಸಿರು ಕೂಡ ಕೇಳಿಸಿತು. ನನ್ನ ಜೊತೆ ರಾಯದುರ್ಗದಿಂದ ಬಂದಿದ್ದ ಮಗಳು ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು.

ಮೇಷ್ಟ್ರು ಹಾರ್ಮೋನಿಯಂ ಎಳೆದುಕೊಂಡು ತಿದಿ ಒತ್ತಿ ಒಂದು ಮನೆ ಹಿಡಿದರು. ಮುಖ ಸಿಂಡರಿಸಿದರು. ಪಕ್ಕದ ಮನೆ ಹಿಡಿದರು. ಅದೂ ಕೂಡಲಿಲ್ಲ. ಹಾರ್ಮೋನಿಯಂ ಒಂದು ಕಡೆ, ರೆಕಾರ್ಡು ಒಂದು ಕಡೆ. ಎರಡೂ ಸೇರಿದಾಗ ಹಲ್ಲು ಚುಳ್ಳೆನ್ನುವಂಥ ಸದ್ದು.

“ನಿನ್ ಯಂತ್ರ ಸುಳ್ಳು ಹೇಳ್ತೈತೆ,” ಎಂದರು.

ಇಲ್ಲಿ ಸ್ವಲ್ಪ ವಿವರಿಸಬೇಕು. ಹಾರ್ಮೋನಿಯಂನ ಕೀಲಿಗಳಿಗೆ ‘ಮನೆ’ ಅನ್ನುತ್ತಾರೆ. ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು, ಕಪ್ಪು ಎರಡು ಎಂದು ಶ್ರುತಿ ಏರುತ್ತಾ ಹೋಗುತ್ತದೆ. ಮೇಷ್ಟ್ರು ಕಲಿಸುವುದು ಕಪ್ಪು ಎರಡರಲ್ಲಿ. ಆ ಸೀಮೆಯಲ್ಲಿ ಮೇಷ್ಟ್ರನ್ನು ತೂಗುವುದೇ ಅವರು ಯಾವ ಮನೆಯಲ್ಲಿ ಹಾಡಿಸುತ್ತಾರೆ ಎಂಬುದರಿಂದ. ನಾಟಕ ನೋಡಲು ಬಂದವರು ಪಾತ್ರಧಾರಿಯ ಹೆಸರಿಗಿಂತ ಮೊದಲು ‘ಎಷ್ಟರಲ್ಲಿ?’ ಎಂದು ಕೇಳುತ್ತಾರೆ. ಒಂದು ಮನೆ ಇಳಿಸಿದರೆ ಮುಂದಿನ ವರ್ಷ ಬೇರೆ ಊರಿನವರು ಅದನ್ನೇ ಆಡಿಕೊಳ್ಳುತ್ತಾರೆ.

ನಾನು ವಾದಕ್ಕೆ ಸಿದ್ಧಳಾಗಿಯೇ ಬಂದಿದ್ದೆ. ಗೆರೆಗಳಿರುವ ಕಾಗದದ ಬಿಲ್ಲೆಯೊಂದನ್ನು ತಟ್ಟೆಯ ಮೇಲಿಟ್ಟು, ಅವರ ಮನೆಯ ಹಳೇ ಚೋಕಿನ ಟ್ಯೂಬ್‌ಲೈಟ್ ಹಾಕಿದೆ. ವೇಗ ಸರಿಯಿದ್ದರೆ ಆ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಾಣುತ್ತವೆ. ನಿಂತಿದ್ದವು. ಫೋನಿನಲ್ಲಿ ಹಾರ್ಮೋನಿಯಂನ ಶ್ರುತಿ ಅಳೆದೆ. ಅದೂ ಸರಿಯಿತ್ತು. ಹಾಗಾದರೆ ರೆಕಾರ್ಡಿನ ಹಾಡೇ ಬಿಳಿ ಎರಡಕ್ಕೂ ಕಪ್ಪು ಎರಡಕ್ಕೂ ನಡುವೆ ಇತ್ತು. ಹಾಡಿದವರ ಹಾರ್ಮೋನಿಯಂ ಬೇರೆ, ಇವರ ಹಾರ್ಮೋನಿಯಂ ಬೇರೆ. ಅದರಲ್ಲಿ ಆಶ್ಚರ್ಯವಿಲ್ಲ.

“ಹಂಗಾದ್ರೆ ಇಷ್ಟು ವರ್ಷ ನಾನು ನುಡಿಸಿದ್ದು?” ಎಂದರು ಮೇಷ್ಟ್ರು. “ಹಳೇ ಮಿಷನ್ನಿನ ಜತೆ ಕಪ್ಪು ಎರಡು ಹಿಡಿದ್ರೆ ಹಾಲಿಗೆ ಸಕ್ಕರೆ ಕೂಡ್ದಂಗೆ ಕೂಡ್ತಿತ್ತು. ಕೇಳು ಬೇಕಾದ್ರೆ ಇವನ್ನ.”

ಕಿರಾಣಿಯವನು ತಲೆಯಾಡಿಸಿದ. ಎರಡೂ ನಿಜವಾಗಿರಬೇಕಾದರೆ ಹಳೇ ಯಂತ್ರ ಸುಳ್ಳಾಗಿರಬೇಕು. ಅದನ್ನು ಮಂಚದ ಕೆಳಗಿನಿಂದ ಎಳೆದು, ತಟ್ಟೆ ಎತ್ತಿ ನೋಡಿದೆ. ಅದು ಗಾಲಿಯ ಯಂತ್ರ. ಮೋಟಾರಿನ ಸಣ್ಣ ಕಡ್ಡಿ ರಬ್ಬರ್ ಗಾಲಿಯನ್ನು ತಿರುಗಿಸುತ್ತದೆ, ಗಾಲಿ ತಟ್ಟೆಯನ್ನು. ಕಡ್ಡಿ ದಪ್ಪವಾದಷ್ಟೂ ತಟ್ಟೆ ಜೋರಾಗಿ ತಿರುಗುತ್ತದೆ. ಆ ಕಡ್ಡಿಗೆ ಕರಿ ಇನ್ಸುಲೇಶನ್ ಟೇಪನ್ನು ಅಚ್ಚುಕಟ್ಟಾಗಿ ಸುತ್ತಲಾಗಿತ್ತು. ಅದು ರಿಪೇರಿಯಲ್ಲ, ಬೇಕೆಂದೇ ಸುತ್ತಿದ್ದು. ಮೈಕ್‌ಸೆಟ್ಟಿನವರು ಎಂದೋ ಇವರ ಹಾರ್ಮೋನಿಯಂಗೆ ಕೂಡುವಂತೆ ಹಾಡನ್ನು ಅರ್ಧ ಮನೆ ಏರಿಸಿ ಕೊಟ್ಟಿದ್ದರು. ಏರಿಸಿದ್ದೇನೆ ಎಂದು ಹೇಳಿರಲಿಲ್ಲ.

ಖಾತ್ರಿಗೆ, ಹೊಸ ಯಂತ್ರದಿಂದ ಹಾಡನ್ನು ಫೋನಿಗೆ ಇಳಿಸಿ, ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸಿದೆ. ಒಂದು ಹಂತದಲ್ಲಿ ಮೇಷ್ಟ್ರ ಬೆರಳು ತಾನಾಗಿ ಕಪ್ಪು ಎರಡಕ್ಕೆ ಹೋಯಿತು. ಹಾಡೂ ಹಾರ್ಮೋನಿಯಮ್ಮೂ ಕೂಡಿದವು. “ಇದೇ ಕಣವ್ವ,” ಎಂದರು, ಮುಖ ಅರಳಿತು. ನಾನು ಟೇಪನ್ನು ತೋರಿಸಿದೆ. ಒಂದರ ಹಿಂದೊಂದು ಸಾಕ್ಷಿ ಜೋಡಿಸಿ ಹೇಳಿದೆ. ಗೆರೆ ನಿಂತದ್ದು, ಶ್ರುತಿ ಅಳೆದದ್ದು, ಕಡ್ಡಿಯ ದಪ್ಪ. ತೀರ್ಪುಗಾರರ ಮುಂದೆ ಹೇಳುವಂತೆಯೇ ಹೇಳಿದೆ.

ಅವರು ಕಡ್ಡಿಯ ಟೇಪನ್ನು ಉಗುರಲ್ಲಿ ಕೆರೆದು ನೋಡಿದರು. ನಂತರ ಕೇಳಿದರು. “ಅಂದ್ರೆ, ಹಾಡಿದ ಪುಣ್ಯಾತ್ಮರು ಕಪ್ಪು ಎರಡರಲ್ಲಿ ಹಾಡೇ ಇಲ್ವಾ?”

“ಇಲ್ರಿ. ಅದಕ್ಕಿಂತ ಅರ್ಧ ಮನೆ ಕೆಳಗ. ಸ್ವಲ್ಪ ನಿಧಾನಕ್ಕ.”

“ಹಂಗಾರೆ ನನ್ ತಪ್ಪೇನೂ ಇರ್ಲಿಲ್ವಾ ಮೇಷ್ಟ್ರೇ?” ಎಂದ ಕಿರಾಣಿಯವನು. ಅವನಿಗೆ ಮೇಷ್ಟ್ರು ಪ್ರತಿ ತಾಲೀಮಿನಲ್ಲೂ ಹೇಳುತ್ತಿದ್ದ ಮಾತು ಒಂದೇ ಅಂತೆ: ರೆಕಾರ್ಡಿನವರೂ ಮನುಷ್ಯರೇ, ಅವರು ಹಾಡಿಲ್ವಾ, ನಿನಗೇನು ದಾಡಿ.

“ನಿನ್ ಗಂಟ್ಲು ಕತ್ತೆಗೂ ಬ್ಯಾಡ, ಸುಮ್ಕಿರು,” ಎಂದರು ಮೇಷ್ಟ್ರು. ಆದರೆ ಬೈಗುಳದಲ್ಲಿ ಕಸುವಿರಲಿಲ್ಲ. ಕೈ ತಮ್ಮ ಕುತ್ತಿಗೆಯ ಕಲೆಯ ಮೇಲೆ ಹೋಗಿತ್ತು. “ನಾನೂ ಇದರ ಜತೆನೇ ಕಿರುಚಿ ಕಿರುಚಿ ಕಲಿಸ್ದೆ. ನಂದೂ ಹಿಂಗೇ ಹೋಯ್ತೇನವ್ವ?”

ಆ ಪ್ರಶ್ನೆಗೆ ಹೌದು ಎನ್ನಲು ನನ್ನಲ್ಲಿ ಆಧಾರವಿರಲಿಲ್ಲ. ಇಲ್ಲ ಎನ್ನಲೂ ಇರಲಿಲ್ಲ. “ಡಾಕ್ಟ್ರು ಏನಂದ್ರು?” ಎಂದೆ.

“ಬೀಡಿ ಅಂದ್ರು.”

“ಹಂಗಾದ್ರ ಬೀಡಿ ಅಂತಲೇ ಇಟ್ಕೊಳ್ರಿ. ಟೇಪಿನ ಮ್ಯಾಲ ಕೇಸು ಹಾಕಾಕ ಸಾಕ್ಷಿ ಇಲ್ಲ.”

ಮಗಳು ಬಾಗಿಲಲ್ಲಿ ನಿಂತೇ ನಕ್ಕರು. ಮೇಷ್ಟ್ರೂ ನಕ್ಕರು, ಗಾಳಿಯಲ್ಲೇ.

ಬೆಲ್ಟಿನ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಮರಳುವ ಬಸ್ಸಿನಲ್ಲಿ ಕೂತಾಗ ನನ್ನ ವಾದ ಗೆದ್ದಿತ್ತು. ನನ್ನ ಯಂತ್ರ ಮಾತ್ರ ಅವರ ಕೆಲಸಕ್ಕೆ ಬರುತ್ತಿರಲಿಲ್ಲ. ರೆಕಾರ್ಡಿಗೆ ನಿಜವಾಗಿದ್ದ ವೇಗದಲ್ಲಿ ಅದು ತಿರುಗುತ್ತಿತ್ತು, ಹಾರ್ಮೋನಿಯಂ ಅದರ ಜೊತೆ ನುಡಿಯುತ್ತಿರಲಿಲ್ಲ, ಹಾರ್ಮೋನಿಯಂ ಇಲ್ಲದೆ ಮೇಷ್ಟ್ರಿಗೆ ಕಲಿಸುವ ದಾರಿಯಿರಲಿಲ್ಲ. ಮೋಟಾರಿನ ಕಡ್ಡಿಗೆ ನಾನೂ ಟೇಪು ಸುತ್ತಬಹುದಿತ್ತು. ಸುತ್ತಿದರೆ ಅದು ಮತ್ತೆ ಎಲ್ಲ ರೆಕಾರ್ಡನ್ನೂ ಒಂದೇ ಅಳತೆಯಲ್ಲಿ ಏರಿಸುತ್ತದೆ. ಗೋಣಿಚೀಲದ ‘ಕೆಟ್ಟ’ ರೆಕಾರ್ಡುಗಳ ಗುಟ್ಟೂ ಆಗ ಹೊಳೆಯಿತು. ಟೇಪಿನ ಲೆಕ್ಕ ಕೆಲವಕ್ಕೆ ಕೂಡಿ, ಉಳಿದವನ್ನು ಎರಡು ಮನೆಗಳ ನಡುವೆ ಸಿಕ್ಕಿಸಿತ್ತು. ಅವು ಕೆಟ್ಟವಾಗಿರಲಿಲ್ಲ. ಬೇಕಾಗಿದ್ದುದು ಒಂದೊಂದು ರೆಕಾರ್ಡಿಗೂ ಬೇರೆಬೇರೆ ವೇಗ, ಅದೂ ಮೇಷ್ಟ್ರ ಕೈಗೆ ಸಿಗುವಂತೆ.

ಅಂಥ ಯಂತ್ರವಿದೆ. ಡಿಜೆಗಳು ಬಳಸುವುದು. ಮೋಟಾರು ತಟ್ಟೆಯ ಕೆಳಗೇ ಇರುತ್ತದೆ. ಪಕ್ಕದಲ್ಲಿ ಮೇಲೆ ಕೆಳಗೆ ಸರಿಯುವ ಒಂದು ಹಿಡಿ. ಸರಿಸಿದಷ್ಟು ವೇಗ, ಅದರೊಂದಿಗೆ ಶ್ರುತಿ. ಸಾವ್ಕಾರ್ರಿಗೆ ಹೇಳಿದಾಗ ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

“ಪೌರಾಣಿಕ ನಾಟಕಕ್ಕ ಡಿಜೆ ಮಿಷನ್ನು. ಕಿರೀಟಕ್ಕ ಲೈಟಿಂಗೂ ಹಾಕೋಣೇನು?”

“ಹಾಕ್ರಿ. ಮೊದ್ಲು ಮಿಷನ್ ಬದ್ಲಿ ಮಾಡ್ರಿ.”

“ಬಿಚ್ಚಿದ ಪೆಟ್ಟಿಗಿ ವಾಪಸ್ ತಗಳಂಗಿಲ್ಲ. ಬೋರ್ಡು ಹಾಕಿದ್ದು ಯಾಕ?”

“ಬೋರ್ಡು ಗಿರಾಕಿಗೆ ಹಾಕಿದ್ದು. ಇಲ್ಲಿ ತಪ್ಪು ಆರಿಸಿದ್ದು ಅಂಗಡಿ. ನೀವು ಟವರ್ ಅಂದ್ರಿ, ನಾ ಬೆಲ್ಟು ಅಂದೆ. ಅವರ ಕೆಲಸ ಏನಂತ ಇಬ್ಬರೂ ಕೇಳಿಲ್ಲ.”

“ದನಿ ಚೊಲೋ ಬರಂಗಿಲ್ಲ ಅದ್ರಾಗ, ಮೋಟಾರು ನಡುಗ್ತದ.”

ಇದಕ್ಕೆ ಮಾತಿನ ಉತ್ತರ ಬೇಡವೆನಿಸಿತು. ಅಂಗಡಿಯಲ್ಲಿದ್ದ ಒಂದು ಡಿಜೆ ಯಂತ್ರಕ್ಕೆ ಅದೇ ಗುಂಡು ಮುಳ್ಳನ್ನು ಹಾಕಿ, ಬೆಲ್ಟಿನದರ ಪಕ್ಕದಲ್ಲಿಟ್ಟು, ಸಾವ್ಕಾರ್ರನ್ನು ಗೋಡೆಗೆ ಮುಖ ಮಾಡಿ ಕೂರಿಸಿದೆ. ಒಂದೇ ಹಾಡನ್ನು ಅದಲುಬದಲು ಮಾಡಿ ಕೇಳಿಸಿದೆ. ಅವರು ಗುರುತಿಸಲಿಲ್ಲ. ನಂತರ ಅವರ ಹಟಕ್ಕೆ ನಾನೂ ಗೋಡೆಗೆ ಮುಖ ಮಾಡಿ ಕೂತೆ. ನನಗೂ ಗೊತ್ತಾಗಲಿಲ್ಲ. ಪುಸ್ತಕದಲ್ಲಿ ಓದಿದ ನಡುಕ ನನ್ನ ಕಿವಿಗೆ ಬೀಳಲೇ ಇಲ್ಲ.

“ಸರೇ ಸರೇ,” ಎಂದರು ಸಾವ್ಕಾರ್ರು. “ಬೆಲ್ಟಿಂದು ಷೋಕೇಸಿಗೆ ಇಡು. ನಿನ್ನ ಬಾಯಿಗೆ ಹೆದರಿ ಅಲ್ಲ ಮತ್ತ.”

ಮೂರನೇ ಸಲ ನಾನು ಮಡಕಶಿರಕ್ಕೆ ಹೋದಾಗ ಮನೆಯಲ್ಲಿ ಜನರಿದ್ದರು. ರತ್ನಗಿರಿಯ ಹಿರಿಯರು ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟ ಹರಿವಾಣದೊಂದಿಗೆ ಬಂದಿದ್ದರು. ಅದನ್ನು ತಮ್ಮ ಮುಂದೆಯೇ ಇಟ್ಟುಕೊಂಡು ಕೂತಿದ್ದರು. ಕೇಳಿ ನೋಡಿ, ಒಪ್ಪಿಗೆಯಾದರೆ ಕೊಡುವುದು. ನಾನು ಗೂಡಿನಲ್ಲಿ ಯಂತ್ರ ಕೂರಿಸಿ, ಹಿಡಿ ಹೇಗೆ ಸರಿಯುತ್ತದೆಂದು ಮೇಷ್ಟ್ರಿಗೆ ತೋರಿ, ಹಿಂದೆ ಸರಿದು ಕೂತೆ. ಅವರು ಮೊದಲು ಮಾಡಿದ್ದು ಚೀಲದಿಂದ ಒಂದು ‘ಕೆಟ್ಟ’ ರೆಕಾರ್ಡು ತೆಗೆದದ್ದು. ಹಾರ್ಮೋನಿಯಂ ಹಿಡಿದುಕೊಂಡೇ ಹಿಡಿಯನ್ನು ಕೂದಲೆಳೆಯಷ್ಟು ಸರಿಸಿ, ನಿಲ್ಲಿಸಿ, ಕೇಳಿ, ಮತ್ತೆ ಸರಿಸಿ, ಕೂಡಿಸಿದರು. ಹಾಡು ಮುಗಿಯುವವರೆಗೂ ಕಣ್ಣು ತೆರೆಯಲಿಲ್ಲ. ಅದನ್ನು ಬಳಸುವ ರಾಶಿಗೆ ಸೇರಿಸಿಟ್ಟರು.

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. “ಯಂತ್ರ ಏನೋ ಚೆನ್ನಾಗೈತೆ ಮೇಷ್ಟ್ರೇ. ಎಷ್ಟರಲ್ಲಿ ಹಾಡಿಸ್ತೀರ? ಪಕ್ಕದೂರು ರೊಳ್ಳದೋರು ಹೋದ ಸಲ ಕಪ್ಪು ಎರಡರಲ್ಲೇ ಹಾಡಿದ್ರು. ನಾವು ಕಮ್ಮಿ ಆಗಬಾರ್ದು ನೋಡಿ.”

ಮೇಷ್ಟ್ರು ರಾಜನ ಹಾಡಿನ ರೆಕಾರ್ಡು ಇಟ್ಟು, ಹಿಡಿಯನ್ನು ಮೇಲಕ್ಕೆ ಸರಿಸಿ ಕಪ್ಪು ಎರಡಕ್ಕೆ ಕೂಡಿಸಿದರು. ಕಿರಾಣಿಯವನು ಎದ್ದು ನಿಂತು ಹಾಡಿದ. ಪಲ್ಲವಿ ಸರಿಯಾಯಿತು. ಚರಣದ ಮೇಲಿನ ಸಾಲಿನಲ್ಲಿ ದನಿ ಒಡೆಯಿತು. ಮುಳ್ಳೆತ್ತಿ ಅದೇ ಸಾಲಿಗೆ ಇಟ್ಟರು. ಮತ್ತೆ ಒಡೆಯಿತು. ಅವನ ಕುತ್ತಿಗೆಯ ನರಗಳು ಎದ್ದಿದ್ದವು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಕೀಬೋರ್ಡಿನ ಮೇಷ್ಟ್ರು ಎಷ್ಟರಲ್ಲಾದ್ರೂ ಹಾಡಿಸ್ತೀನಿ ಅಂದವ್ರೆ,” ಎಂದರು ಇನ್ನೊಬ್ಬರು ಮೆಲ್ಲಗೆ.

ನನ್ನ ನಾಲಿಗೆಯ ತುದಿಯಲ್ಲಿ ಇಡೀ ವಾದ ಸಿದ್ಧವಿತ್ತು. ಟೇಪು, ಕಡ್ಡಿ, ಬಿಲ್ಲೆ, ಅರ್ಧ ಮನೆ. ಹೇಳಿದ್ದರೆ ಹಿರಿಯರು ಒಪ್ಪುತ್ತಿದ್ದರೋ ಇಲ್ಲವೋ, ಇಷ್ಟು ವರ್ಷ ಮೇಷ್ಟ್ರು ತಿಳಿಯದೆ ಕಲಿಸಿದರು ಎಂಬುದಂತೂ ಆ ಊರಿಗೆಲ್ಲ ಗೊತ್ತಾಗುತ್ತಿತ್ತು. ಅದನ್ನು ಹೇಳುವುದಾದರೆ ಹೇಳಬೇಕಾದವರು ಅವರು. ನಾನು ವೈರುಗಳನ್ನು ಸುತ್ತುತ್ತಾ ಕೂತೆ.

ಮೇಷ್ಟ್ರು ಕಿರಾಣಿಯವನ ಕುತ್ತಿಗೆಯನ್ನೇ ನೋಡುತ್ತಿದ್ದರು. ಆಮೇಲೆ ಕೈ ಚಾಚಿ ಹಿಡಿಯನ್ನು ಕೆಳಕ್ಕೆ ಎಳೆದರು. ಹಾಡು ಇಳಿಯಿತು. ರೆಕಾರ್ಡಿನ ನಿಜವಾದ ಶ್ರುತಿಯನ್ನೂ ದಾಟಿ ಇನ್ನಷ್ಟು ಇಳಿದು ನಿಂತಿತು. ಮುಳ್ಳನ್ನು ಮೊದಲ ಸಾಲಿಗೆ ಇಟ್ಟು, ಹಾರ್ಮೋನಿಯಂಗೆ ಮರಳಿ, ಬಿಳಿ ಎರಡನ್ನು ಒತ್ತಿ ಹಿಡಿದರು.

“ಇಳಿಸಿದ್ರಲ್ಲ ಮೇಷ್ಟ್ರೇ,” ಎಂದರು ಮೊದಲು ಕೇಳಿದ ಹಿರಿಯರು. “ಎಷ್ಟರಲ್ಲಿ ಅಂತ ಕೇಳಿದ್ರೆ ಊರಿಗೆ ಏನು ಹೇಳಾನ?”

ಗಾಳಿಯ ದನಿಯಲ್ಲಿ ಏನು ಹೇಳಿದರೂ ಹಾಡಿನ ನಡುವೆ ಅವರಿಗೆ ಕೇಳಿಸುತ್ತಿರಲಿಲ್ಲ. ಮೇಷ್ಟ್ರು ಅವರ ಕಡೆಗೇ ತಿರುಗಿ, ಬಿಳಿ ಎರಡರ ಮೇಲೆ ಬೆರಳನ್ನು ಇನ್ನೂ ಬಲವಾಗಿ ಊರಿ, ತಿದಿಯನ್ನು ಪೂರ್ತಿ ಒತ್ತಿದರು. ಕಲ್ಲಿನ ಕೋಣೆಯಲ್ಲಿ ಆ ಒಂದು ಸ್ವರ ತುಂಬಿಕೊಂಡಿತು. ಕೇಳಿದವರಿಗೆಲ್ಲ ಯಾವ ಮನೆಯೆಂದು ಗೊತ್ತಿತ್ತು.

ಕಿರಾಣಿಯವನು ಆ ಸ್ವರ ಹಿಡಿದು ಹಾಡಿದ. ಪಲ್ಲವಿ, ಚರಣ, ಮೇಲಿನ ಸಾಲು. ಒಡೆಯಲಿಲ್ಲ. ಸಾಲಿನ ತುದಿಯಲ್ಲಿ ಅವನು ರೆಕಾರ್ಡಿನಲ್ಲಿಲ್ಲದ, ರಾಗದ ಒಂದು ಸಣ್ಣ ಬಳುಕನ್ನೂ ಸೇರಿಸಿಬಿಟ್ಟ. ಇಷ್ಟು ದಿನ ಅದಕ್ಕೆ ಅವನಲ್ಲಿ ಉಸಿರು ಉಳಿಯುತ್ತಿರಲಿಲ್ಲ. ಮೇಷ್ಟ್ರು ಹುಬ್ಬೇರಿಸಿದರು, ಬೈಯಲಿಲ್ಲ.

ಆ ಹಿರಿಯರು, “ಮಾತು ಸ್ಪಷ್ಟ ಕೇಳಿಸ್ತು ಬಿಡಿ,” ಎಂದು ಯಾರಿಗೋ ಎಂಬಂತೆ ಹೇಳಿ, ಹರಿವಾಣವನ್ನು ಎರಡೂ ಕೈಯಲ್ಲಿ ಹಾರ್ಮೋನಿಯಂ ಕಡೆಗೆ ಸರಿಸಿದರು. ತೆಗೆದುಕೊಳ್ಳಲು ಮೇಷ್ಟ್ರ ಕೈಗೆ ಬಿಡುವಿರಲಿಲ್ಲ. ಕಿರಾಣಿಯವನು ಆಗಲೇ ಎರಡನೇ ಚರಣ ಎತ್ತಿಕೊಂಡಿದ್ದ. ಮಗಳು ಬಂದು ಹರಿವಾಣವನ್ನು ಎತ್ತಿ ಒಳಗೆ ತೆಗೆದುಕೊಂಡು ಹೋದರು.